ಕಸೂತಿಗೆ ರೇಟು ಕಟ್ಟಿದ ಲೆಕ್ಕ: ಧಾರವಾಡದ ಒಂದು ಪ್ರಕರಣ

ಧಾರವಾಡದ ಒಂದು ಓಣಿಯಲ್ಲಿ ಕಸೂತಿ ಹಾಕುವ ಹೆಣ್ಣುಮಕ್ಕಳ ಸಂಘ ಒಂದಿದೆ. ಅವರಿಗೆ ಕೆಲಸ ಬರುವುದು ಹೆಚ್ಚಾಗಿ ಹುಬ್ಬಳ್ಳಿಯ ಒಂದು ಸೀರೆ ಅಂಗಡಿಯಿಂದ. ಅಂಗಡಿಯವರು ರೇಟು ಕಟ್ಟುತ್ತಿದ್ದದ್ದು ಹೀಗೆ: ಒಂದು ಗೋಪುರಕ್ಕೆ ಇಷ್ಟು, ಒಂದು ತೇರಿಗೆ ಇಷ್ಟು, ಸೆರಗಿನ ಉದ್ದಕ್ಕೂ ಒಂದು ಸಾಲಿನ ಪಟ್ಟಿ ಹಾಕಿದರೆ ಇಷ್ಟು. ಗೋಪುರದ ಒಳಗೆ ಎಷ್ಟು ತುಂಬಿದೆ, ಪಟ್ಟಿ ಬರೀ ಗೀಟೋ ಅಥವಾ ಏಣಿಯ ಹಾಗೆ ಮನೆ ಮನೆ ಇದೆಯೋ, ಅದು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಡಿಸೈನ್ ವರ್ಷದಿಂದ ವರ್ಷಕ್ಕೆ ದಟ್ಟ ಆಗ್ತಾ ಹೋಯಿತು, ರೇಟು ಮಾತ್ರ ಇದ್ದಲ್ಲೇ ಇತ್ತು.

ಇದೇ ಊರಿನ ಒಂದು ಕಾಲೇಜು ಈ ಸಂಘದ ಜೊತೆ ಕೆಲಸ ಮಾಡಿತು. ಕಾಲೇಜು, ಸಂಘ, ಅಂಗಡಿ ಯಾವುದರ ಹೆಸರನ್ನೂ ಇಲ್ಲಿ ಹಾಕಿಲ್ಲ. ನಾನು ಕಾಮರ್ಸ್ ವಿಭಾಗದ ಕಡೆಯಿಂದ ಇದರಲ್ಲಿದ್ದೆ. ಗಣಿತ, ಇತಿಹಾಸ, ರಸಾಯನಶಾಸ್ತ್ರದ ಮೇಷ್ಟ್ರುಗಳೂ ಅವರ ವಿದ್ಯಾರ್ಥಿಗಳೂ ಇದ್ದರು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರ ಮೂರನೇ ಮಾನದಂಡದಲ್ಲಿ ಸಂಶೋಧನೆಯ ಜೊತೆ ವಿಸ್ತರಣಾ ಚಟುವಟಿಕೆ, ಅಂದರೆ ಊರಿನವರ ಜೊತೆಗಿನ ಕೆಲಸ, ಅಂತ ಒಂದು ಬರುತ್ತಿತ್ತಲ್ಲ, ಅದರಿಂದಲೇ ಇದು ಶುರುವಾದದ್ದು. ಮುಚ್ಚುಮರೆ ಯಾಕೆ. ಅಂಥ ಕೆಲಸ ಸಾಮಾನ್ಯವಾಗಿ ಒಂದು ಬ್ಯಾನರ್, ಒಂದು ಉಪನ್ಯಾಸ, ಒಂದು ಗ್ರೂಪ್ ಫೋಟೊದಲ್ಲಿ ಮುಗಿಯುತ್ತದೆ. ಇದೂ ಹಾಗೇ ಮುಗಿಯುತ್ತಿತ್ತೇನೋ. ಕಾಗದದ ಮೇಲೆ ಇದ್ದ ಯೋಜನೆ ಅಂದರೆ ಹೆಣ್ಣುಮಕ್ಕಳಿಗೆ ‘ಕಂಪ್ಯೂಟರ್ ಡಿಸೈನ್ ತರಬೇತಿ’. ಅವರಿಗೆ ಡಿಸೈನಿನ ಬರ ಇರಲಿಲ್ಲ. ಮೊದಲ ಸಭೆಯಲ್ಲೇ ಒಬ್ಬ ಅಮ್ಮಾರು ಕೇಳಿದರು, “ಡಿಸೈನ್ ನಮ್ಮ ಹತ್ರ ರಗಡ ಅದಾವ್ರಿ ಸರ. ರೊಕ್ಕದ್ದು ಏನರ ದಾರಿ ಐತೇನ್ರಿ?”

ಅಲ್ಲಿಂದ ಯೋಜನೆಯ ಮುಖ ತಿರುಗಿತು.

ಕಸೂತಿ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ನಾಲ್ಕು ಬಗೆಯ ಹೊಲಿಗೆ ಇವೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಗೀಚಿಕೊಳ್ಳುವ ಹಾಗಿಲ್ಲ. ನೇಯ್ಗೆಯ ಹಾಸು ಹೊಕ್ಕು ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ಗಂಟು ಹಾಕೋದಿಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಸೇರಿಸಿಬಿಡುತ್ತಾರೆ. ಗವಂತಿ ಮತ್ತು ಮುರ್ಗಿ ಹಾಕಿದರೆ ಮುಂದೂ ಹಿಂದೂ ಒಂದೇ ಥರ ಕಾಣಬೇಕು. ಗವಂತಿ ಅಂದರೆ ನೇರ ಗೆರೆಯಾಗಿ ಹೋಗುವುದು, ಮುರ್ಗಿ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು. ನೇಗಿ ನೋಡಿದರೆ ನೇಯ್ದ ಹಾಗೆ ಇರುತ್ತದೆ. ಮೆಂತಿ ಅಡ್ಡಡ್ಡ ದಾಟುವ ಹೊಲಿಗೆ, ತುಂಬಿಸೋದಕ್ಕೆ ಬಳಸುತ್ತಾರೆ, ದಾರ ಜಾಸ್ತಿ ತಿನ್ನುತ್ತದೆ. ಇಳಕಲ್ ಸೀರೆಯ ಮೇಲೆ, ಖಣದ ಮೇಲೆ ಗೋಪುರ, ತೇರು, ತುಳಸಿ ಕಟ್ಟೆ, ಆನೆ, ನವಿಲು, ತೊಟ್ಟಿಲು ಇವೆಲ್ಲ ಬರುತ್ತವೆ. ಮದುವೆಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಯನ್ನಂತೂ ನಮ್ಮ ಕಡೆಯ ಹಳೆ ಟ್ರಂಕುಗಳಲ್ಲಿ ಈಗಲೂ ನೋಡಬಹುದು. ಭೌಗೋಳಿಕ ಗುರುತು (ಜಿಐ) ಕೂಡ ಸಿಕ್ಕಿದೆ, ಅದು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ. ಆದರೆ ಆ ಗುರುತು ಹೆಸರನ್ನು ಕಾಯುತ್ತದೆ, ಕೂಲಿಯನ್ನಲ್ಲ. ಸಂಘದವರಲ್ಲಿ ಕೆಲವರು ‘ಜಿಐ ಬಂದೈತಿ, ರೇಟು ಏರ್ತೈತಿ’ ಅಂತ ಕಾದಿದ್ದರು. ಅದು ತಾನಾಗೇ ಆಗುವ ಮಾತಲ್ಲ.

ಈಗ ಗಣಿತದ ವಿಷಯಕ್ಕೆ ಬರೋಣ. ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಏಕೆಂದರೆ ರೇಟಿನ ಲೆಕ್ಕ ಹುಟ್ಟಿದ್ದು ಇಲ್ಲೇ.

ಗವಂತಿಯ ಒಂದು ಚಿತ್ರ ತಗೊಳ್ಳಿ. ಸೂಜಿ ಚುಚ್ಚುವ ತೂತುಗಳು ಚುಕ್ಕಿ, ಎರಡು ತೂತುಗಳ ನಡುವಿನ ಹೊಲಿಗೆ ಒಂದು ಗೆರೆ. ಗಣಿತದವರು ಇದನ್ನೇ ಗ್ರಾಫ್ ಅಂತಾರೆ. ಕ್ಯೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಇಡೀ ಊರು ಸುತ್ತಬಹುದಾ ಅನ್ನೋ ಪ್ರಶ್ನೆಗೆ ಆಯ್ಲರ್ 1736ರಲ್ಲಿ ‘ಆಗೋದಿಲ್ಲ’ ಅಂತ ಉತ್ತರ ಕೊಟ್ಟನಲ್ಲ, ಗ್ರಾಫ್ ಥಿಯರಿ ಶುರುವಾದದ್ದು ಅಲ್ಲಿಂದ. ಕಸೂತಿಯಲ್ಲಿ ಪ್ರತಿ ಸೇತುವೆಯನ್ನೂ ಎರಡು ಸಲ ದಾಟಬೇಕು. ಒಂದು ಸಲ ಬಟ್ಟೆಯ ಮುಂದೆ, ಒಂದು ಸಲ ಹಿಂದೆ. ಆಗಲೇ ಎರಡೂ ಕಡೆ ಗೆರೆ ಪೂರ್ತಿ ಕಾಣುವುದು. ಯುರೋಪಿನಲ್ಲೂ ಇದೇ ಹೊಲಿಗೆ ಇದೆ. 16ನೇ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಚಿತ್ರಗಳಲ್ಲಿ ಕಾಲರು, ತೋಳಿನ ಪಟ್ಟಿಗಳ ಮೇಲೆ ಕಾಣುತ್ತದೆ ಅಂತ ಅದಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ.

ವಿದ್ಯಾರ್ಥಿಗಳು ಒಂದು ಪ್ರೋಗ್ರಾಮ್ ಬರೆದರು. ಚಿತ್ರ ಕೊಟ್ಟರೆ ಸೂಜಿ ಯಾವ ದಾರಿಯಲ್ಲಿ ಹೋಗಬೇಕು ಅಂತ ಅದು ಹೇಳಬೇಕು. ಪ್ರತಿ ಗೆರೆಯನ್ನೂ ಎರಡು ಸಲ ಬರೆದುಕೊಂಡರೆ ಎಲ್ಲ ಚುಕ್ಕಿಗೂ ಸಮ ಸಂಖ್ಯೆಯ ಗೆರೆ ಬರುತ್ತವೆ, ಆಗ ಆಯ್ಲರನ ನಿಯಮದಂತೆ ಸುತ್ತಿ ಬರುವ ದಾರಿ ಇದ್ದೇ ಇರುತ್ತದೆ. ಇಷ್ಟು ಸರಿ. ತ್ರಿಕೋನದ ಮೇಲೆ ಪರೀಕ್ಷೆ ಮಾಡಿದರು, ಎರಡು ಸುತ್ತು ಹಾಕಿದರೆ ಮುಂದೂ ಹಿಂದೂ ತುಂಬಿತು. ಖುಷಿಯೋ ಖುಷಿ. ಆಮೇಲೆ ಚೌಕ ಕೊಟ್ಟರು. ಪ್ರೋಗ್ರಾಮ್ ಮತ್ತೆ ‘ಎರಡು ಸುತ್ತು ಹಾಕು’ ಅಂತ ಹೇಳಿತು. ಸಂಘದ ಹಿರಿಯರೊಬ್ಬರು ಎಳೆ ಸುಲಭವಾಗಿ ಎಣಿಸಲು ಸಿಗುವ ಮ್ಯಾಟಿ ಬಟ್ಟೆಯ ಮೇಲೆ ಅದೇ ದಾರಿಯಲ್ಲಿ ಹಾಕಿ ತೋರಿಸಿದರು. ಮುಂದೆ ಎರಡೇ ಗೆರೆ, ಹಿಂದೆ ಇನ್ನೆರಡು. ಚೌಕ ಎಲ್ಲೂ ಇಲ್ಲ.

ಯಾಕೆ ಅಂತ ಬೆರಳಲ್ಲಿ ಎಣಿಸಿ ನೋಡಿ. ಸೂಜಿ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಹೀಗೇ ಹೋಗುತ್ತದೆ. ಬೆಸ ಹೆಜ್ಜೆ ಎಲ್ಲ ಮುಂದೆ, ಸಮ ಹೆಜ್ಜೆ ಎಲ್ಲ ಹಿಂದೆ. ಚೌಕದ ಮೊದಲ ಗೆರೆ 1ನೇ ಹೆಜ್ಜೆಯಲ್ಲಿ ಬಂತು, ಎರಡನೇ ಸುತ್ತಿನಲ್ಲಿ ಅದೇ ಗೆರೆ 5ನೇ ಹೆಜ್ಜೆಯಲ್ಲಿ ಬರುತ್ತದೆ. ಎರಡೂ ಬೆಸ. ಅಂದರೆ ಎರಡು ಸಲವೂ ದಾರ ಮುಂದೆಯೇ ಕೂತಿತು, ಹಿಂದೆ ಖಾಲಿ. ತ್ರಿಕೋನದಲ್ಲಿ 1 ಮತ್ತು 4, ಒಂದು ಬೆಸ ಒಂದು ಸಮ, ಹಾಗಾಗಿ ಅಲ್ಲಿ ತಪ್ಪು ಕಾಣಲಿಲ್ಲ.

ಆ ಹಿರಿಯರು ಹೇಳಿದ್ದು ಒಂದೇ ಮಾತು: “ಸುತ್ತ ಹಾಕಬಾರ್ದೋ ತಮ್ಮಾ, ಹೋದ ಹಾದೀಲೇ ತಿರುಗಿ ಬರಬೇಕು.” ಚೌಕವನ್ನು 1, 2, 3, 4 ಅಂತ ಸುತ್ತಿ, ಅಲ್ಲಿಂದ 4, 3, 2, 1 ಅಂತ ವಾಪಸ್ ಬಂದರೆ ಮೊದಲ ಗೆರೆ 1 ಮತ್ತು 8ನೇ ಹೆಜ್ಜೆ, ಎರಡನೆಯದು 2 ಮತ್ತು 7, ಮೂರನೆಯದು 3 ಮತ್ತು 6, ನಾಲ್ಕನೆಯದು 4 ಮತ್ತು 5. ಎಲ್ಲವೂ ಒಂದು ಬೆಸ ಒಂದು ಸಮ. ಗಣಿತದ ಮೇಷ್ಟ್ರು ಅಲ್ಲೇ ಬೋರ್ಡಿನ ಮೇಲೆ ಇದನ್ನು ಎಲ್ಲ ಚಿತ್ರಗಳಿಗೂ ಒಗ್ಗಿಸಿ ಸಾಧಿಸಿದರು. ಕವಲು ಬಂದರೆ ಕವಲಿಗೆ ಹೋಗು, ತುದಿ ಮುಟ್ಟು, ಅಥವಾ ಮೊದಲೇ ಬಂದಿದ್ದ ತೂತು ಸಿಕ್ಕರೆ ಅದನ್ನು ಮುಟ್ಟು, ಬಂದ ದಾರಿಯಲ್ಲೇ ವಾಪಸ್ ಬಾ, ಆಮೇಲೆ ಮುಂದಿನ ಕವಲು. ಒಂದು ಗೆರೆಯಲ್ಲಿ ಹೋಗುವುದಕ್ಕೂ ಅದರಲ್ಲೇ ವಾಪಸ್ ಬರುವುದಕ್ಕೂ ನಡುವೆ ಇಡುವ ಹೆಜ್ಜೆಗಳು ಯಾವಾಗಲೂ ಸಮ ಸಂಖ್ಯೆ, ಏಕೆಂದರೆ ನಡುವಿನ ಪ್ರತಿ ಗೆರೆಯಲ್ಲೂ ಒಂದು ಸಲ ಹೋಗಿ ಒಂದು ಸಲ ಬಂದಿರುತ್ತೀರಿ. ಹಾಗಾಗಿ ಆ ಗೆರೆ ಹೋಗುವಾಗ ಮುಂದೆ ಬಿದ್ದಿದ್ದರೆ ಬರುವಾಗ ಹಿಂದೆಯೇ ಬೀಳುತ್ತದೆ. ಕಂಪ್ಯೂಟರ್ ಸೈನ್ಸ್ ಹುಡುಗರಿಗೆ ಇದು ಡೆಪ್ತ್ ಫಸ್ಟ್ ಸರ್ಚ್, ಪರೀಕ್ಷೆಗೆ ಓದಿದ್ದೇ. ಓದಿದ್ದು ಸೂಜಿಗೆ ಬಂದಿರಲಿಲ್ಲ ಅಷ್ಟೆ.

ಇದರಿಂದ ಎರಡು ವಿಷಯ ಗಟ್ಟಿಯಾದವು. ಮೊದಲನೆಯದು, ಚಿತ್ರದ ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದರೆ ಎಷ್ಟೇ ಜಟಿಲ ಇರಲಿ, ಎಲ್ಲಿಂದ ಬೇಕಾದರೂ ಶುರು ಮಾಡಿ ಒಂದೇ ದಾರದಲ್ಲಿ ಎರಡೂ ಕಡೆ ಒಂದೇ ಥರ ಮುಗಿಸಬಹುದು. ಕೂಡಿಲ್ಲದಿದ್ದರೆ ಆಗೋದಿಲ್ಲ. ಗಿಳಿಯ ಕಣ್ಣನ್ನೇ ನೋಡಿ. ಮೈಯ ಗೆರೆಗೆ ಅಂಟದೆ ಒಳಗೆ ಒಂಟಿ ಚುಕ್ಕಿಯಾಗಿ ಇದ್ದರೆ ಅದಕ್ಕೆ ಬೇರೆ ದಾರ ಹಾಕಿ ಬೇರೆ ತುದಿ ಮುಚ್ಚಬೇಕು, ಇಲ್ಲವೇ ಹಿಂದಿನಿಂದ ದಾರ ಹಾರಿಸಬೇಕು, ಆಗ ಹಿಂಬದಿ ಹೊಲಸಾಗುತ್ತದೆ. ಎರಡನೆಯದು ನಮಗೆ ಬೇಕಾಗಿದ್ದದ್ದು: ಗವಂತಿಯಲ್ಲೂ ಮುರ್ಗಿಯಲ್ಲೂ ಸೂಜಿ ಎಷ್ಟು ಸಲ ಬಟ್ಟೆ ದಾಟುತ್ತದೆ ಅನ್ನೋದು ಯಾರ ಕೈಚಳಕದ ಮೇಲೂ ನಿಂತಿಲ್ಲ. ಗೆರೆಗಳ ಸಂಖ್ಯೆಯ ಎರಡು ಪಟ್ಟು, ಅಷ್ಟೇ. ಕೆಲಸ ಶುರು ಮಾಡುವ ಮೊದಲೇ, ಗ್ರಾಫ್ ಹಾಳೆ ನೋಡಿಯೇ ಕೆಲಸ ಎಷ್ಟಿದೆ ಅಂತ ಎಣಿಸಿಬಿಡಬಹುದು.

ಅಂಗಡಿಯವರು ‘ಒಂದು ಸಾಲಿನ ಪಟ್ಟಿ’ ಅಂತ ಒಂದೇ ರೇಟು ಕೊಡುತ್ತಿದ್ದ ಎರಡು ಪಟ್ಟಿಗಳನ್ನು ಹೋಲಿಸೋಣ. ಸೆರಗಿನ ಅಗಲ 1.2 ಮೀಟರ್, ಹೊಲಿಗೆ 2 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಅಡ್ಡಕ್ಕೆ 600 ಹೊಲಿಗೆ ಹಿಡಿಯುತ್ತವೆ. ಮೆಟ್ಟಿಲಿನಂತೆ ಏರಿ ಇಳಿಯುವ ಮುರ್ಗಿ ಪಟ್ಟಿಯಾದರೆ ಪ್ರತಿ ಹೆಜ್ಜೆಗೆ ಒಂದು ಅಡ್ಡ, ಒಂದು ಉದ್ದ, ಒಟ್ಟು 1200 ಗೆರೆ. ಸೂಜಿ ದಾಟುವುದು 2400 ಸಲ. ಅದೇ ಜಾಗದಲ್ಲಿ ಏಣಿ ಪಟ್ಟಿ ಹಾಕಿದರೆ ಮೇಲೆ 600, ಕೆಳಗೆ 600, ನಡುವಿನ ಮೆಟ್ಟಿಲು 601, ಒಟ್ಟು 1801 ಗೆರೆ. ಸೂಜಿ ದಾಟುವುದು 3602 ಸಲ. ದಾರವೂ ಹಾಗೇ: ಮೊದಲನೆಯದಕ್ಕೆ 4.8 ಮೀಟರ್, ಎರಡನೆಯದಕ್ಕೆ 7.2 ಮೀಟರ್, ತುದಿ ಮುಚ್ಚುವುದಕ್ಕೆ ಹೋಗುವ ದಾರ ಬೇರೆ. ಒಂದೂವರೆ ಪಟ್ಟು ಕೆಲಸ, ಕೂಲಿ ಮಾತ್ರ ಒಂದೇ. ‘ಇದು ಜಾಸ್ತಿ ಹಿಡೀತೈತಿ’ ಅಂತ ಹೆಣ್ಣುಮಕ್ಕಳು ಮೊದಲಿಂದಲೂ ಹೇಳುತ್ತಿದ್ದರು. ಎಷ್ಟು ಜಾಸ್ತಿ ಅಂತ ಕೇಳಿದರೆ ಹೇಳಲು ಅವರ ಹತ್ತಿರ ಅಂಕಿ ಇರಲಿಲ್ಲ. ವ್ಯಾಪಾರಿ ಅಂಕಿಗೆ ಮಾತ್ರ ಬಗ್ಗುವ ಜಾತಿ, ನಾನೂ ಕಾಮರ್ಸಿನವನೇ, ಹೇಳಬಹುದು.

ಹೊಸ ರೇಟು ಪಟ್ಟಿ ಮಾಡಿದ್ದು ನೂರು ಹೊಲಿಗೆಯ ಲೆಕ್ಕದಲ್ಲಿ. ಜೊತೆಗೆ ಎರಡು ವಿಷಯ ಸೇರಿಸಿದೆವು. ಚಿತ್ರದಲ್ಲಿ ಎಷ್ಟು ಬಿಡಿ ತುಂಡು ಇವೆ ಅನ್ನೋದು ಒಂದು, ಪ್ರತಿ ತುಂಡಿಗೂ ದಾರ ಶುರು ಮಾಡಿ ಮುಚ್ಚುವ ಕೆಲಸ ಬೇರೆ ಇರುತ್ತದಲ್ಲ. ಬಟ್ಟೆ ಯಾವುದು ಅನ್ನೋದು ಇನ್ನೊಂದು. ಕೈಮಗ್ಗದ ಬಟ್ಟೆಯಾದರೆ ಎಳೆ ಕಣ್ಣಿಗೆ ಸಿಗುತ್ತದೆ. ಜಾರ್ಜೆಟ್ ಥರದ್ದಾದರೆ ಮೇಲೆ ಮ್ಯಾಟಿ ಬಟ್ಟೆ ಕೂಡಿಸಿ, ಕಸೂತಿ ಹಾಕಿ, ಆಮೇಲೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಕಪ್ಪು ಬಟ್ಟೆಯಂತೂ ಕಣ್ಣಿನ ಕೆಲಸ, ದೀಪದಲ್ಲಿ ಆಗೋದೇ ಇಲ್ಲ, ಹಗಲಲ್ಲೇ ಮುಗಿಸಬೇಕು. ಅದಕ್ಕೆ ರೇಟು ಬೇರೆ.

ನೂರು ಹೊಲಿಗೆಗೆ ಎಷ್ಟು ಅನ್ನೋದರ ಮೇಲೆ ಜಗಳವೇ ಆಯಿತು, ಅದೂ ಸಂಘದ ಒಳಗೇ. ಗಡಿಯಾರ ಇಟ್ಟು ಅಳೆದಾಗ ಎಲ್ಲರಿಗಿಂತ ಜೋರು ಇದ್ದವರು ‘ನಂದು ಬರಕೋಬ್ಯಾಡ್ರಿ’ ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ಅತಿ ಚುರುಕಿನವರ ವೇಗ ಅಂಗಡಿಯವರ ಕೈಗೆ ಸಿಕ್ಕರೆ ಅದೇ ಎಲ್ಲರ ಅಳತೆ ಆಗಿಬಿಡುತ್ತದೆ. ಕೊನೆಗೆ ನಡುವಿನವರ ವೇಗ ಹಿಡಿದೆವು. ಆ ಓಣಿಯಲ್ಲಿ ಬೇರೆ ಕೆಲಸಕ್ಕೆ ಹೋದರೆ ಸಿಗುವ ದಿನಗೂಲಿಯನ್ನು ಅದಕ್ಕೆ ಹೊಂದಿಸಿದೆವು. ರೂಪಾಯಿಯ ಅಂಕಿ ಇಲ್ಲಿ ಬರೆಯೋದಿಲ್ಲ, ಅದು ಅವರ ವ್ಯಾಪಾರದ ವಿಷಯ.

ರಸಾಯನಶಾಸ್ತ್ರದವರ ಪಾಲು ಚಿಕ್ಕದು, ಆದರೆ ಬೇಗ ಫಲ ಕೊಟ್ಟಿತು. ಒಗೆದಾಗ ಕೆಂಪು ದಾರದ ಬಣ್ಣ ಬಿಟ್ಟು ಸೀರೆ ವಾಪಸ್ ಬರುವ ತಾಪತ್ರಯ ಇತ್ತು, ನಷ್ಟ ಕಸೂತಿ ಹಾಕಿದವರ ತಲೆಗೇ. ಹೊಸ ದಾರ ಬಂದ ಕೂಡಲೇ ಒಂದು ಬಿಳಿ ತುಂಡಿಗೆ ಹೊಲಿದು, ಲೀಟರಿಗೆ 5 ಗ್ರಾಂ ಸೋಪು ಹಾಕಿದ ನೀರಿನಲ್ಲಿ 40 ಡಿಗ್ರಿಯಲ್ಲಿ 30 ನಿಮಿಷ ಅಲ್ಲಾಡಿಸಿ, ಬೂದು ಬಣ್ಣದ ಮಾಪಕದ ಜೊತೆ ಹೋಲಿಸಿ ನೋಡುವುದು. ಅದರಲ್ಲಿ 5 ಅಂದರೆ ಕಲೆಯೇ ಇಲ್ಲ, 1 ಅಂದರೆ ಪೂರಾ ಹಾಳು. ಈಗ ಸಂಘದವರು ಮಾಪಕ ಇಲ್ಲದೆ ಸ್ಟೀಲ್ ಡಬ್ಬಿಯಲ್ಲೇ ಇದನ್ನು ಮಾಡ್ತಾರೆ. ಬಣ್ಣ ಬಿಟ್ಟರೆ ಆ ದಾರ ವಾಪಸ್.

ಇತಿಹಾಸ ವಿಭಾಗದವರ ಕೆಲಸದಲ್ಲಿ ನನಗೆ ಅತಿ ಕಷ್ಟದ ಪ್ರಶ್ನೆ ಸಿಕ್ಕಿತು. ಅವರು ಮನೆ ಮನೆಗೆ ಹೋಗಿ ಹಳೆ ಸೀರೆಗಳ ಚಿತ್ರ ತೆಗೆದು, ಅಜ್ಜಿಯಂದಿರನ್ನು ಕೇಳಿ ಚಿತ್ತಾರದ ಹೆಸರು ಬರೆದುಕೊಂಡು, ಗ್ರಾಫ್ ಹಾಳೆಗೆ ಇಳಿಸಿದರು. ಒಳ್ಳೆ ಕೆಲಸ. ಕಾಲೇಜಿಗೆ ಅದನ್ನು ಪುಸ್ತಕ ಮಾಡುವ ಆಸೆ. ಸಂಘದವರು ಬೇಡ ಅಂದರು. ಗ್ರಾಫ್ ಹಾಳೆ ಸಿಕ್ಕರೆ ಕಂಪ್ಯೂಟರ್ ಎಂಬ್ರಾಯ್ಡರಿಯವನು ನಾಳೆನೇ ಅದನ್ನು ಮಷಿನ್ನಿಗೆ ಹಾಕ್ತಾನೆ ಅನ್ನೋದು ಅವರ ಮಾತು. ಮೇಷ್ಟ್ರುಗಳಲ್ಲಿ ಒಬ್ಬರು ‘ಜ್ಞಾನ ಎಲ್ಲರಿಗೂ ಸೇರಿದ್ದು’ ಅಂತ ವಾದ ಮಾಡಿದರು. ಸಂಬಳ ಬರುವವರಿಗೆ ಹಾಗೆ ಹೇಳೋದು ಸುಲಭ, ಅಲ್ವಾ? ಕೊನೆಗೆ ಒಪ್ಪಂದ ಆದದ್ದು ಹೀಗೆ: ಫೋಟೊ, ಹೆಸರು, ಯಾವ ಊರಿನ ಸೀರೆ ಅನ್ನೋ ವಿವರ ಕಾಲೇಜಿಗೆ. ಎಣಿಕೆ ಇರುವ ಗ್ರಾಫ್ ಹಾಳೆಗಳು ಸಂಘದ ಕಪಾಟಿಗೆ. ಸಂಘ ಕೇಳಿದವರಿಗೆ ಕೊಡಬಹುದು, ಕಾಲೇಜು ಕೊಡುವ ಹಾಗಿಲ್ಲ. ಸಂಶೋಧನೆಯ ಕಣ್ಣಿನಿಂದ ನೋಡಿದರೆ ಇದು ಅರ್ಧ ಫಲಿತಾಂಶ. ನನಗೆ ಇದೇ ಸರಿ ಅನಿಸುತ್ತದೆ.

ಮಷಿನ್ನಿನ ಭಯ ಸುಳ್ಳಲ್ಲ. ಅಂಗಡಿಗಳಲ್ಲಿ ‘ಕಸೂತಿ ಡಿಸೈನ್’ ಅಂತ ಮಷಿನ್ ಕೆಲಸ ರಾಶಿ ರಾಶಿ ಬಿದ್ದಿದೆ. ಗುರುತು ಹಿಡಿಯೋದು ಸುಲಭ. ಮಷಿನ್ನಿನಲ್ಲಿ ಮೇಲಿನ ದಾರ ಬೇರೆ, ಕೆಳಗಿನ ಬಾಬಿನ್ ದಾರ ಬೇರೆ. ಸೆರಗು ತಿರುಗಿಸಿದರೆ ಹಿಂದೆ ಹೆಚ್ಚಾಗಿ ಬಿಳಿ ದಾರ ಕಾಣುತ್ತದೆ, ಎಲ್ಲ ಬಣ್ಣಕ್ಕೂ ಅದೇ ಬಿಳಿ. ಕೈಯ ಗವಂತಿಯಲ್ಲಿ ಹಿಂದೂ ಮುಂದಿನ ಬಣ್ಣವೇ. ನಮ್ಮ ವಿದ್ಯಾರ್ಥಿಗಳು ಇದನ್ನು ಒಂದು ಚೀಟಿಯಲ್ಲಿ ಎರಡೇ ಸಾಲು ಬರೆದು, ಆ ಸೀರೆಯ ಒಟ್ಟು ಹೊಲಿಗೆ ಎಷ್ಟು ಅಂತಲೂ ಹಾಕಿ ಸೀರೆಗೆ ಕಟ್ಟುವ ಹಾಗೆ ಮಾಡಿದರು. ಗಿರಾಕಿ ಸೆರಗು ತಿರುಗಿಸಿ ನೋಡೋದಕ್ಕೆ ಶುರು ಮಾಡಿದ ಮೇಲೆ ಅಂಗಡಿಯವರಿಗೇ ಆ ಚೀಟಿ ಬೇಕಾಯಿತು.

ಅಂಗಡಿಯವರ ಜೊತೆ ಮಾತುಕತೆಗೆ ಸಂಘದ ಇಬ್ಬರು ಹೆಣ್ಣುಮಕ್ಕಳು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದರು. ನಾವು ಮೇಷ್ಟ್ರುಗಳು ಹೋಗಲಿಲ್ಲ, ಬೇಕಂತಲೇ. ಕಾಲೇಜಿನವರು ಕೂತರೆ ಅಂಗಡಿಯವರು ಆ ಹೊತ್ತಿಗೆ ಹೂಂ ಅಂತಾರೆ, ಮುಂದಿನ ಸಲ ಮರೀತಾರೆ. ಆ ಇಬ್ಬರು ಏಣಿ ಪಟ್ಟಿ, ಮುರ್ಗಿ ಪಟ್ಟಿ ಎರಡನ್ನೂ ಗ್ರಾಫ್ ಹಾಳೆ ಸಮೇತ ಮುಂದೆ ಇಟ್ಟರಂತೆ. ಅಂಗಡಿ ಮಾಲೀಕರು ಮೊದಲು ನಕ್ಕರು, ಆಮೇಲೆ ತಾವೇ ಕೂತು ಒಂದು ಮೊಳದಷ್ಟು ಎಣಿಸಿ ನೋಡಿದರು, ಸರಿ ಇದೆ ಅಂದರು. ಸೀರೆಯ ಕೆಲಸಕ್ಕೆ ಹೊಲಿಗೆ ಲೆಕ್ಕದ ರೇಟು ಒಪ್ಪಿದರು. ಒಪ್ಪಿದ ಜೊತೆಗೇ ದಟ್ಟ ಡಿಸೈನಿನ ಆರ್ಡರ್ ಕಡಿಮೆ ಮಾಡಿದರು. ಅದೂ ನಿರೀಕ್ಷೆ ಮಾಡಿದ್ದೇ, ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ. ಕೈಗೆ ಬರುವ ಹಣ ಕಡಿಮೆ ಆಗಲಿಲ್ಲ, ಕಣ್ಣಿಗೆ ಆಗುವ ಕೆಲಸ ಕಡಿಮೆ ಆಯಿತು. ಸಂಘದಲ್ಲಿ ಎಲ್ಲರಿಗೂ ಇದು ಹಿಡಿಸಲಿಲ್ಲ. ದಟ್ಟ ಕೆಲಸದಲ್ಲೇ ಹೆಸರು ಮಾಡಿದ್ದ ಒಬ್ಬರು ಸಂಘ ಬಿಟ್ಟು ಬೇರೆ ಕಡೆ ಹಳೆ ರೇಟಿಗೇ ಹಾಕ್ತಿದ್ದಾರೆ.

ಪರ್ಸು, ದಿಂಬಿನ ಕವರು, ಕುರ್ತಾದ ಕೊರಳ ಪಟ್ಟಿಯಂಥ ಸಣ್ಣ ಸಾಮಾನಿಗೆ ಅಂಗಡಿಯವರು ಕಡೆಗೂ ಒಪ್ಪಲಿಲ್ಲ. ಅವು ಹಳೆ ರೇಟಿನಲ್ಲೇ ನಡೆದಿವೆ, ಅರ್ಧಕ್ಕರ್ಧ ಮಷಿನ್ನಿಗೂ ಹೋಗಿವೆ.

ಎಣಿಸುವವರು ಯಾರು ಅನ್ನೋದು ಇನ್ನೊಂದು ತೊಡಕು. ಮೊದಲು ನಮ್ಮ ವಿದ್ಯಾರ್ಥಿಗಳು ಎಣಿಸುತ್ತಿದ್ದರು, ಸೆಮಿಸ್ಟರ್ ಮುಗಿಯಿತು, ಹೋದರು. ಕಾಲೇಜಿನ ಕೆಲಸಗಳ ಹಣೆಬರಹವೇ ಇದು, ನಮ್ಮ ಕ್ಯಾಲೆಂಡರಿಗೂ ಊರಿನ ಕ್ಯಾಲೆಂಡರಿಗೂ ಹೊಂದೋದಿಲ್ಲ, ಮದುವೆ ಸೀಸನ್ನಿನ ಆರ್ಡರ್ ಬರುವ ಹೊತ್ತಿಗೆ ಇಲ್ಲಿ ಪರೀಕ್ಷೆ ಇರುತ್ತದೆ. ಅದಕ್ಕೇ ಸಂಘದಲ್ಲೇ ಪಿಯುಸಿ ಓದಿದ ಒಬ್ಬ ಹುಡುಗಿಗೆ ಆ ಕೆಲಸ ವಹಿಸಲಾಯಿತು, ಎಣಿಕೆಗೆ ಅವಳಿಗೆ ಬೇರೆ ಹಣ. ಪ್ರೋಗ್ರಾಮ್ ಅವಳಿಗೆ ಬೇಕಾಗಲಿಲ್ಲ. ಅಡ್ಡ ಗೆರೆಗೆ ಒಂದು ಬಣ್ಣ, ಉದ್ದ ಗೆರೆಗೆ ಒಂದು ಬಣ್ಣ, ಓರೆ ಗೆರೆಗೆ ಇನ್ನೊಂದು ಬಣ್ಣದ ಪೆನ್ನಿನಲ್ಲಿ ಗುರುತು ಹಾಕುತ್ತಾ ಸಾಲು ಸಾಲಾಗಿ ಎಣಿಸುತ್ತಾಳೆ, ಒಂದೇ ಥರದ ತುಂಡು ಮತ್ತೆ ಬಂದರೆ ಗುಣಿಸುತ್ತಾಳೆ. ಓರೆ ಗೆರೆ ಉದ್ದ ಜಾಸ್ತಿ, ದಾರದ ಲೆಕ್ಕದಲ್ಲಿ ಅದಕ್ಕೆ ಸುಮಾರು 1.4 ಪಟ್ಟು ಹಿಡಿಯಬೇಕು ಅಂತ ಹೇಳಿಕೊಟ್ಟದ್ದು ಬಿಟ್ಟರೆ ಬೇರೇನೂ ಕಲಿಸಲಿಲ್ಲ.

ನೇಗಿ ಮತ್ತು ಮೆಂತಿಗೆ ಮಾತ್ರ ಎರಡು ಪಟ್ಟಿನ ನಿಯಮ ನಡೆಯೋದಿಲ್ಲ. ನೇಗಿಯಲ್ಲಿ ಹೊಲಿಗೆಯ ಉದ್ದ ಒಂದೇ ಸಮ ಇರೋದಿಲ್ಲ, ಮೆಂತಿಯಲ್ಲಿ ಹಿಂದಿನ ದಾರ ಹಾಕುವವರ ಕೈ ಮೇಲೆ ಹೋಗುತ್ತದೆ. ಅವೆರಡನ್ನೂ ಸದ್ಯಕ್ಕೆ ಚದರ ಇಂಚಿನ ಲೆಕ್ಕದಲ್ಲಿ ಕಟ್ಟಿದ್ದಾರೆ. ಮೆಂತಿ ತುಂಬಿದ ಆನೆಗೆ ಆ ಲೆಕ್ಕದಲ್ಲಿ ಕೂಲಿ ಸಾಲೋದಿಲ್ಲ ಅಂತ ಈಗಾಗಲೇ ತಕರಾರು ಎದ್ದಿದೆ. ಈ ವರ್ಷದ ಗಣಿತ ವಿದ್ಯಾರ್ಥಿಗಳ ಪ್ರಾಜೆಕ್ಟು ಅದೇ.